ಕೇಸ್ ಶೀಟಿನ ಮೇಲಿನ ಕೆಂಪು ಬೊಟ್ಟು

2011ರ ಮಳೆಗಾಲ. ರಾತ್ರಿ ಒಂದೂವರೆ ಇರಬೇಕು. ಲೇಬರ್ ರೂಮಿನ ಮೊದಲನೇ ಟೇಬಲ್‌ನಲ್ಲಿ ಚೊಚ್ಚಲ ಬಸುರಿ. ಮಗುವಿನ ತಲೆ ಕಾಣಿಸುತ್ತಿತ್ತು, ನಾನು ಅವಳ ಕಾಲ ಬಳಿ ನಿಂತಿದ್ದೆ. ಪಕ್ಕದ ಟೇಬಲ್‌ನಲ್ಲಿ ಇನ್ನೊಬ್ಬಳಿಗೆ ಹೆರಿಗೆ ನೋವು ಹೆಚ್ಚಿಸುವ ಪಿಟೋಸಿನ್ ಡ್ರಿಪ್ ಹೋಗುತ್ತಿತ್ತು. ನನ್ನ ಜೊತೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಎದುರಿನ ವಾರ್ಡಿಗೆ ಹೋಗಿದ್ದಳು. ಅಲ್ಲಿ ಬಿಪಿ ಏರಿ ಫಿಟ್ಸ್ ಬಂದಿದ್ದ ಒಬ್ಬಳಿಗೆ ಮ್ಯಾಗ್‌ಸಲ್ಫ್ ಕೊಡುವ ಹೊತ್ತಾಗಿತ್ತು. ಮುಕ್ಕಾಲು ಗಂಟೆ ಹಿಂದೆ ಹೆತ್ತವಳು ಬಾಗಿಲ ಬಳಿಯ ಮಂಚದಲ್ಲಿ ಮಲಗಿದ್ದಳು. ಸುಖ ಹೆರಿಗೆ. ಕಸ, ಅಂದರೆ ಮಾಸು, ಪೂರ್ತಿ ಬಿದ್ದಿತ್ತು. ಮಗು ಚೆನ್ನಾಗಿ ಅತ್ತಿತ್ತು. ಆವತ್ತು ರಾತ್ರಿ ನಾನು ಚಿಂತೆ ಮಾಡಬೇಕಿಲ್ಲದ ಒಬ್ಬಳೇ ಒಬ್ಬಳು ಅಂದರೆ ಅವಳು ಅಂತಲೇ ಅಂದುಕೊಂಡಿದ್ದೆ.

"ಸಿಸ್ಟರಮ್ಮಾ, ಇವ್ಳು ಯಾಕೋ ತಣ್ಣಗಾಗವ್ಳೆ..." ಬಾಗಿಲ ಸಂದಿಯಿಂದ ಅವಳ ತಾಯಿ ಕೂಗಿದರು.

ನನ್ನ ಕೈಯಲ್ಲಿ ಅರ್ಧ ಹೊರಗೆ ಬಂದ ತಲೆ. ಬಿಟ್ಟು ಹೋಗೋ ಹಾಗಿಲ್ಲ. ಆಯಾಗೆ ಕೂಗಿ ಹೇಳಿದೆ, ಅವಳು ಓಡಿ ಹೋಗಿ ಇನ್ನೊಬ್ಬ ಸಿಸ್ಟರನ್ನು ಕರೆತಂದಳು. ಹೊದಿಕೆ ಎತ್ತಿದರೆ ಬಟ್ಟೆ, ರಬ್ಬರ್ ಶೀಟು, ಬೆನ್ನ ಕೆಳಗೆಲ್ಲ ರಕ್ತ. ಹೆರಿಗೆ ಆದ ಮೇಲೆ ಗರ್ಭಕೋಶ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಗಬೇಕು. ಅವಳದು ಸಿಗಲೇ ಇಲ್ಲ, ಅಷ್ಟು ಮೆತ್ತಗಾಗಿತ್ತು. ಹೊಟ್ಟೆ ಮೇಲೆ ಕೈಯಿಟ್ಟು ತಿಕ್ಕುತ್ತಾ, ಎರಡೂ ಕೈಗೆ ಡ್ರಿಪ್ ಹಾಕಿ, ಕ್ವಾರ್ಟರ್ಸ್‌ನಿಂದ ಡಾಕ್ಟರನ್ನು ಎಬ್ಬಿಸಿ, ಎರಡು ಬಾಟಲಿ ರಕ್ತ ಕೊಟ್ಟು, ಬೆಳಗಾಗುವ ಹೊತ್ತಿಗೆ ಅವಳು ಉಳಿದಳು. ಕಣ್ಣು ಬಿಟ್ಟವಳು ಕೇಳಿದ ಮೊದಲ ಮಾತು, "ಮಗು ಹಾಲು ಕುಡೀತಾ ಸಿಸ್ಟರ್?"

ಹೆರಿಗೆ ಆದ ಮೊದಲ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಬಾಣಂತಿಯ ನಾಡಿ, ಬಿಪಿ, ಗರ್ಭಕೋಶ, ರಕ್ತಸ್ರಾವ ನೋಡಬೇಕು. ಒಟ್ಟು ಎಂಟು ಸಲ. ಮುಕ್ಕಾಲು ಗಂಟೆಯಲ್ಲಿ ಮೂರು ಸಲ ಆಗಬೇಕಿತ್ತು. ನಾನು ನೋಡಿದ್ದು ಒಂದು ಸಲ.

ಇಪ್ಪತ್ತಾರು ವರ್ಷ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಈಗ ನಿವೃತ್ತಿ ಆಗಿದ್ದೇನೆ. ಎಷ್ಟೋ ರಾತ್ರಿಗಳು ಮರೆತುಹೋಗಿವೆ. ಇದು ಮರೆತಿಲ್ಲ. ಆವತ್ತು ಯಾರೂ ನಿದ್ದೆ ಮಾಡಿರಲಿಲ್ಲ. ಯಾರೂ ಫೋನ್ ಹಿಡಿದು ಕೂತಿರಲಿಲ್ಲ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಓವರ್ ಕೊಡುವಾಗ, ರೋಗಿಗಳ ಲೆಕ್ಕ ಇಡುವ ಸೆನ್ಸಸ್ ಪುಸ್ತಕದಲ್ಲಿ ನಾನೇ ಬರೆದೆ: ಹಾಸಿಗೆ 20, ಭರ್ತಿ 16, ಸಿಸ್ಟರ್ 2. ಆ ಸಾಲು ಓದಿದವರಿಗೆ ಅದೊಂದು ಸಾಧಾರಣ ರಾತ್ರಿ. ಹಾಸಿಗೆ ಕೂಡ ಖಾಲಿ ಇದ್ದವಲ್ಲ!

ನಮ್ಮಲ್ಲಿ ಸಿಸ್ಟರುಗಳ ಲೆಕ್ಕ ಹಾಕುವುದೇ ಹಾಗೆ. ಹಾಸಿಗೆ ಎಣಿಸಿ ಹಾಕುತ್ತಾರೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿರುವುದು ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬರು, ಬೇರೆ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು, ಅದರ ಮೇಲೆ ರಜೆಗಾಗಿ ಶೇಕಡಾ 30 ಜಾಸ್ತಿ. ಅಷ್ಟು ಸಿಕ್ಕರೇ ನಾವು ಹಬ್ಬ ಮಾಡುತ್ತಿದ್ದೆವು, ಆ ಮಾತು ಬೇರೆ. ಆದರೆ ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಏನನ್ನೂ ಹೇಳುವುದಿಲ್ಲ. ನಾಳೆ ಡಿಸ್ಚಾರ್ಜ್ ಆಗಿ ತವರಿಗೆ ಹೋಗಲು ಬಟ್ಟೆ ಮಡಚಿಟ್ಟುಕೊಂಡವಳದೂ ಒಂದು ಹಾಸಿಗೆ. ಫಿಟ್ಸ್ ಬಂದವಳದೂ ಒಂದು ಹಾಸಿಗೆ. ಲೇಬರ್ ಟೇಬಲ್ಲನ್ನು ನಮ್ಮಲ್ಲಿ ಹಾಸಿಗೆ ಅಂತ ಎಣಿಸುತ್ತಲೇ ಇರಲಿಲ್ಲ.

ಇನ್ನು ಮಗು. ಹದಿನಾರು ಹಾಸಿಗೆ ಅಂದರೆ ಅದರಲ್ಲಿ ಹತ್ತು ಬಾಣಂತಿಯರು ಇದ್ದರೆ ಹತ್ತು ಮಕ್ಕಳೂ ಇದ್ದವು. ಅಮ್ಮನ ಪಕ್ಕ ಅದೇ ಹಾಸಿಗೆಯಲ್ಲಿ ಮಲಗಿರುವ ಮಗು ಸೆನ್ಸಸ್‌ಗೆ ಬರುವುದಿಲ್ಲ. ಕಾಯಿಲೆ ಬಿದ್ದು ನವಜಾತ ಶಿಶು ಘಟಕಕ್ಕೆ ಹೋದರೆ ಮಾತ್ರ ಅದು ರೋಗಿ. ಅಲ್ಲಿಯವರೆಗೆ ಅದು ಅಮ್ಮನ ಸಾಮಾನು ಇದ್ದ ಹಾಗೆ. ಆದರೆ ಕೆಲಸ? ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ತೂಕ ನೋಡಬೇಕು, ವಿಟಮಿನ್ ಕೆ ಕೊಡಬೇಕು, ಮೈ ತಣ್ಣಗಾಗಿದೆಯಾ ಮುಟ್ಟಿ ನೋಡಬೇಕು. ಬಿಸಿಜಿ, ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಉಚ್ಚೆ ಹೊಯ್ತಾ, ಕಕ್ಕ ಮಾಡ್ತಾ, ಕಣ್ಣು ಹಳದಿ ಆಯ್ತಾ. ಚೊಚ್ಚಲ ಬಾಣಂತಿಗೆ ಎದೆಗೆ ಮಗು ಹಿಡಿಸುವುದನ್ನು ಕಲಿಸಲು ಕೂತರೆ ಅರ್ಧ ಗಂಟೆ ಬೇಕು. ಸುಮ್ನೆ "ಹಾಲು ಕೊಡಮ್ಮ" ಅಂತ ಹೇಳಿ ಮುಂದೆ ಹೋದರೆ ಸಂಜೆ ಹೊತ್ತಿಗೆ ಅತ್ತೆ ಸಕ್ಕರೆ ನೀರು ಹಾಕಿರುತ್ತಾರೆ. ಅರ್ಧ ಗಂಟೆ ಕೂರಲು ನಮಗೆ ಆಗುತ್ತಿರಲಿಲ್ಲ.

ಪಾರ್ಟೋಗ್ರಾಫ್ ಬಗ್ಗೆ ಹೇಳಲೇಬೇಕು. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗೆರೆ ಎಳೆದು ತೋರಿಸುವ ಹಾಳೆ ಅದು. ಬಹಳ ಒಳ್ಳೆಯ ಹಾಳೆ. ಸರಿಯಾಗಿ ತುಂಬಿದರೆ ಯಾವ ಬಸುರಿಯನ್ನು ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಕಣ್ಣಿಗೆ ಕಾಣುತ್ತದೆ. ಅದನ್ನು ತುಂಬಲು ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು, ಮತ್ತೆ ಹೊಟ್ಟೆ ಮೇಲೆ ಕೈಯಿಟ್ಟು ಹತ್ತು ನಿಮಿಷದಲ್ಲಿ ಎಷ್ಟು ನೋವು ಬಂತು ಅಂತ ಎಣಿಸಬೇಕು. ಹತ್ತು ನಿಮಿಷ ಅಂದರೆ ಹತ್ತು ನಿಮಿಷವೇ. ಈಗ ನೀವೇ ಲೆಕ್ಕ ಹಾಕಿ. ಮೂವರು ನೋವಿನಲ್ಲಿದ್ದರೆ ಅರ್ಧ ಗಂಟೆ ಅಲ್ಲಿಗೇ ಮುಗಿಯಿತು. ಆ ಸಿಸ್ಟರ್ ಡ್ರಿಪ್ ಹಾಕುವ ಹಾಗಿಲ್ಲ, ಫೋನ್ ಎತ್ತುವ ಹಾಗಿಲ್ಲ, ನೀರು ಕುಡಿಯುವ ಹಾಗಿಲ್ಲ. ನಾಲ್ಕನೆಯವಳು ಬಂದರೆ ಹಾಳೆ ಖಾಲಿ.

ಖಾಲಿ ಹಾಳೆ ತಪಾಸಣೆಗೆ ಬಂದವರಿಗೆ ತೋರಿಸುವ ಹಾಗಿಲ್ಲ ಅಲ್ವಾ. 2017ರ ಕೊನೆಗೆ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮ ಬಂದಮೇಲೆ ಲೇಬರ್ ರೂಮುಗಳು ನಿಜಕ್ಕೂ ಚೆನ್ನಾದವು. ಪರದೆ ಬಂತು, ಟ್ರೇಗಳು ಸರಿಯಾದವು, ಮಗುವಿಗೆ ವಾರ್ಮರ್ ಬಂತು. ಜೊತೆಗೆ ದಾಖಲೆ ನೋಡುವುದೂ ಜಾಸ್ತಿ ಆಯಿತು. ಆಗ ನಾವು ಮಾಡಿದ್ದೇನು ಅಂದರೆ, ಹೆರಿಗೆ ಆದ ಮೇಲೆ, ಎಲ್ಲ ತೊಳೆದು ಮುಗಿಸಿದ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಕೂತು ನೆನಪಿನಿಂದ ಪಾರ್ಟೋಗ್ರಾಫ್ ತುಂಬಿಸಿದ್ದು. ಒಂದೇ ಪೆನ್ನು, ಒಂದೇ ಬರಹ, ಸಾಲಾಗಿ ಚುಕ್ಕಿ. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ. ಏಕೆಂದರೆ ಆ ಹಾಳೆಗಳನ್ನು ನೋಡಿದವರು, ಎಲ್ಲವೂ ಸರಿಯಿದೆ, ಇರುವ ಸಿಸ್ಟರುಗಳೇ ಸಾಕು ಅಂತ ತಿಳಿದುಕೊಂಡರು. ನಮಗೆ ಕೈ ಸಾಲದು ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾವೇ ಅಳಿಸಿ ಹಾಕಿದ್ದೆವು.

ನಾನು ಇನ್‌ಚಾರ್ಜ್ ಆದಾಗ ಡ್ಯೂಟಿ ಚಾರ್ಟ್ ಹಾಕುವ ಕೆಲಸ ಬಂತು. ನಮ್ಮ ವಾರ್ಡಿಗೆ ಎಂಟು ಸಿಸ್ಟರುಗಳು ಅಂತ ಕಾಗದದಲ್ಲಿತ್ತು. ಎಂಟು ಅಂದರೆ ಎಷ್ಟೊಂದು ಜನ ಅನ್ನಿಸುತ್ತದೆ. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿ ಮಾಡಿದವಳಿಗೆ ಮಾರನೇ ದಿನ ನೈಟ್ ಆಫ್. ಹಾಗಾಗಿ ಒಂದು ಜಾಗದಲ್ಲಿ ದಿನದ ಇಪ್ಪತ್ನಾಲ್ಕು ಗಂಟೆ ಒಬ್ಬಳು ನಿಂತಿರಬೇಕು ಅಂದರೆ ದಿನಕ್ಕೆ ನಾಲ್ಕು ಆಳು ಲೆಕ್ಕ. ವರ್ಷಕ್ಕೆ 1,460. ವಾರದ ರಜೆ, ಸಿಎಲ್, ಇಎಲ್, ಹಬ್ಬ ಎಲ್ಲ ಕಳೆದರೆ ಒಬ್ಬ ಸಿಸ್ಟರ್ ವರ್ಷಕ್ಕೆ ಸುಮಾರು 260 ದಿನ ಸಿಗುತ್ತಾಳೆ. ಭಾಗಿಸಿ ನೋಡಿ, ಐದೂವರೆಗಿಂತ ಜಾಸ್ತಿ ಬರುತ್ತದೆ. ಒಬ್ಬಳನ್ನು ಸದಾ ನಿಲ್ಲಿಸಲು ಐದೂವರೆ ಸಿಸ್ಟರ್ ಬೇಕು. ಎಂಟು ಜನ ಇದ್ದರೆ ಯಾವುದೇ ಹೊತ್ತಿನಲ್ಲಿ ನಿಂತಿರುವುದು ಒಂದೂವರೆ ಜನ. ಅದರಲ್ಲಿ ಒಬ್ಬಳು ಹೆರಿಗೆ ರಜೆಗೆ ಹೋದರೆ, ಹೋಗಲೇಬೇಕು, ನಾವೂ ಹೆಂಗಸರೇ, ಆ ಅರ್ಧವೂ ಇಲ್ಲ.

ಈ ಲೆಕ್ಕವನ್ನು ನಾನು ಒಂದು ಭಾನುವಾರ ಮನೆಯಲ್ಲಿ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿದೆ. ಎರಡು ಸಲ ಹಾಕಿದೆ, ತಪ್ಪಿರಬಹುದು ಅಂತ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ಈಗ ಅಮೆರಿಕದಲ್ಲಿ ಲೇಬರ್ ರೂಮ್ ನರ್ಸ್. ಒಮ್ಮೆ ಫೋನ್ ಮಾಡಿದಾಗ, "ಅಕ್ಕಾ, ಇಲ್ಲಿ ಪಿಟೋಸಿನ್ ಹಾಕಿದರೆ ನನಗೆ ಆ ಒಬ್ಬಳೇ ಪೇಷಂಟ್" ಅಂದಳು. ನಾನು ನಂಬಲಿಲ್ಲ. ಆಮೇಲೆ ಓದಿದೆ. ಅಲ್ಲಿ ಹೆರಿಗೆ, ನವಜಾತ ಶಿಶು ನರ್ಸುಗಳದೇ ಒಂದು ಸಂಘ ಇದೆ, ಎ.ಡಬ್ಲ್ಯು.ಎಚ್.ಒ.ಎನ್.ಎನ್ ಅಂತ. 2010ರಲ್ಲಿ ಅವರು ಬರೆದ ಮಾರ್ಗಸೂಚಿಯಲ್ಲಿ ಹಾಸಿಗೆಯ ಲೆಕ್ಕವೇ ಇಲ್ಲ. ಯಾರಿಗೆ ಏನಾಗುತ್ತಿದೆ ಅನ್ನುವುದರ ಮೇಲೆ ಲೆಕ್ಕ. ಪಿಟೋಸಿನ್ ಹೋಗುತ್ತಿದ್ದರೆ ಒಬ್ಬಳಿಗೆ ಒಬ್ಬ ನರ್ಸ್. ಮುಕ್ಕುವ ಹೊತ್ತಿಗೆ ಒಬ್ಬಳಿಗೆ ಒಬ್ಬರು. ಮಗು ಹೊರಗೆ ಬರುವಾಗ ಇಬ್ಬರು, ಅಮ್ಮನಿಗೊಬ್ಬರು ಮಗುವಿಗೊಬ್ಬರು. ಹೆತ್ತ ಮೊದಲ ಎರಡು ಗಂಟೆ ಒಬ್ಬರು. ಆಮೇಲೆ ಅಮ್ಮ-ಮಗು ಜೋಡಿ ಮೂರಕ್ಕಿಂತ ಹೆಚ್ಚು ಒಬ್ಬ ನರ್ಸಿಗೆ ಕೊಡಬಾರದು. ಜೋಡಿ ಅಂದಿದ್ದಾರೆ ನೋಡಿ. ಮಗುವನ್ನು ಎಣಿಸಿದ್ದಾರೆ.

ಅದನ್ನು ಓದಿದ ದಿನ ನಾನು 2011ರ ಆ ರಾತ್ರಿಗೆ ಲೆಕ್ಕ ಹಾಕಿದೆ. ತಲೆ ಕಾಣುತ್ತಿದ್ದವಳಿಗೆ ಇಬ್ಬರು. ಪಿಟೋಸಿನ್‌ಗೆ ಒಬ್ಬಳು. ಮ್ಯಾಗ್‌ಸಲ್ಫ್‌ಗೆ ಒಬ್ಬಳು, ಏಕೆಂದರೆ ಆ ಔಷಧಿ ಕೊಡುವಾಗ ಉಸಿರು ನಿಮಿಷಕ್ಕೆ ಎಷ್ಟು, ಮೊಣಕಾಲು ತಟ್ಟಿದರೆ ಎಗರುತ್ತದಾ, ಮೂತ್ರ ಸರಿಯಾಗಿ ಬರುತ್ತಿದೆಯಾ ಅಂತ ನೋಡುತ್ತಲೇ ಇರಬೇಕು, ಔಷಧಿ ಜಾಸ್ತಿ ಆದರೆ ಉಸಿರೇ ನಿಲ್ಲುತ್ತದೆ. ಬಾಗಿಲ ಬಳಿ ಮಲಗಿದ್ದವಳಿಗೆ ಒಬ್ಬಳು. ನಾಲ್ಕು ಜನಕ್ಕೆ ಐದು ಸಿಸ್ಟರ್. ಉಳಿದ ಹನ್ನೆರಡು ಹೆಂಗಸರು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಬಹಳ ವರ್ಷ ನಾನು ಆ ರಾತ್ರಿಯ ತಪ್ಪನ್ನು ನನ್ನ ತಲೆ ಮೇಲೆ ಹೊತ್ತುಕೊಂಡಿದ್ದೆ. ಈಗಲೂ ಪೂರ್ತಿ ಇಳಿಸಿಲ್ಲ. ಆದರೆ ಆವತ್ತು ಆ ಐದು ಅನ್ನುವ ಸಂಖ್ಯೆ ನೋಡಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ಇಂಗ್ಲೆಂಡಿನಲ್ಲೂ ಇಂಥದ್ದೇ ಲೆಕ್ಕ ಇದೆ. ಬರ್ತ್‌ರೇಟ್ ಪ್ಲಸ್ ಅನ್ನುತ್ತಾರೆ. ಹೆರಿಗೆ ಹೇಗಾಯಿತು, ಅಮ್ಮ-ಮಗು ಹೇಗಿದ್ದಾರೆ ಅನ್ನುವುದರ ಮೇಲೆ ಪ್ರತಿಯೊಬ್ಬಳನ್ನೂ ಐದು ವರ್ಗದಲ್ಲಿ ಒಂದಕ್ಕೆ ಸೇರಿಸುತ್ತಾರೆ. ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಅಲ್ಲಿನ ನೈಸ್ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಲ್ಲಿ ಕೆಲವು ಅಪಾಯದ ಗುರುತುಗಳಿವೆ. ನೋವಿನಲ್ಲಿರುವವಳ ಜೊತೆ ಸದಾ ಒಬ್ಬ ಮಿಡ್‌ವೈಫ್ ಇರಲು ಆಗಲಿಲ್ಲ ಅಂದರೆ ಅದೇ ಒಂದು ಅಪಾಯದ ಗುರುತು, ಅಲ್ಲಿ ಯಾರಿಗೂ ಏನೂ ಆಗಿರಬೇಕಾಗಿಲ್ಲ. ಹೊಲಿಗೆ ಹಾಕಲು ಒಂದು ಗಂಟೆ ತಡವಾದರೂ ಗುರುತು. ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳಲ್ಲಿ ನಡೆದ ಸಾವುನೋವುಗಳ ಬಗ್ಗೆ ಹಿರಿಯ ಮಿಡ್‌ವೈಫ್ ಡೋನಾ ಒಕೆಂಡೆನ್ 2022ರಲ್ಲಿ ಕೊಟ್ಟ ವರದಿ 1,486 ಕುಟುಂಬಗಳ ಕಥೆ ನೋಡಿದೆ. ಬದಲಾಗಬೇಕಾದ ನಾಲ್ಕು ದೊಡ್ಡ ವಿಷಯಗಳಲ್ಲಿ ಅವರು ಮೊದಲು ಬರೆದದ್ದು ಸಾಕಷ್ಟು ಸಿಬ್ಬಂದಿ. ಅಳತೆಗೋಲು ಇದ್ದವರಿಗೇ ಹೀಗಾದರೆ, ಇಲ್ಲದ ನಮ್ಮ ಪಾಡು?

ಅಷ್ಟು ದೊಡ್ಡ ಲೆಕ್ಕ ನಮ್ಮ ವಾರ್ಡಿನಲ್ಲಿ ಮಾಡುವವರು ಯಾರು? ಕಂಪ್ಯೂಟರ್ ಇತ್ತು, ಜನನ ನೋಂದಣಿಯ ಇ-ಜನ್ಮ ಎಂಟ್ರಿಗೇ ಸಮಯ ಸಾಲುತ್ತಿರಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿಗೆ ಹೋಗಿ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದೆ. ಕೆಂಪು, ಹಳದಿ, ಹಸಿರು. ಕೇಸ್ ಶೀಟಿನ ಮೂಲೆಗೆ ಅಂಟಿಸುವುದು. ಪಿಟೋಸಿನ್, ಮುಕ್ಕುತ್ತಿರುವವಳು, ಹೆತ್ತು ಎರಡು ಗಂಟೆ ಆಗದವಳು, ಫಿಟ್ಸ್, ರಕ್ತಸ್ರಾವ, ಹಿಂದೆ ಸಿಜೇರಿಯನ್ ಆಗಿ ಈಗ ನೋವು ಬಂದವಳು, ಇವರಿಗೆಲ್ಲ ಕೆಂಪು ಬೊಟ್ಟು, ಅಂದರೆ ಪಕ್ಕದಲ್ಲೇ ಒಬ್ಬಳು ಬೇಕು. ಈಗಷ್ಟೇ ನೋವು ಶುರುವಾದವಳು, ಸಿಜೇರಿಯನ್ ಆದ ಮೊದಲ ದಿನ, ಮಗುವಿನ ತೂಕ ಕಡಿಮೆ ಇದ್ದವಳು, ಇವರಿಗೆ ಹಳದಿ, ಅರ್ಧ ಸಿಸ್ಟರ್. ಉಳಿದವರಿಗೆ ಹಸಿರು, ಮೂವರಿಗೆ ಒಬ್ಬಳು. ಓವರ್ ಕೊಡುವಾಗ ಬೊಟ್ಟು ಎಣಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು: ಬೇಕಾದವರು ಇಷ್ಟು, ಇದ್ದವರು ಇಷ್ಟು. ಎರಡು ನಿಮಿಷದ ಕೆಲಸ. ಮೊದಲ ದಿನ ರಾತ್ರಿಯ ಸಾಲು ನನಗೆ ಇನ್ನೂ ನೆನಪಿದೆ. ಕೆಂಪು 3, ಹಳದಿ 4, ಹಸಿರು 9. ಬೇಕಾದವರು 8. ಇದ್ದವರು 2.

ಮೂರು ತಿಂಗಳು ಬರೆದೆವು. ಬರೆಯುತ್ತಾ ಹೋದ ಹಾಗೆ ನಾನು ಎಣಿಸಿರದ ಒಂದು ಸಂಗತಿ ಕಾಣಿಸಿತು. ಡ್ಯೂಟಿ ಚಾರ್ಟಿನಲ್ಲಿ ಬೆಳಿಗ್ಗೆ ಜಾಸ್ತಿ ಜನ, ಏಕೆಂದರೆ ಡಾಕ್ಟರ್ ರೌಂಡ್ಸ್ ಬರುತ್ತಾರೆ, ಆಪರೇಷನ್ ಇರುತ್ತದೆ, ಡಿಸ್ಚಾರ್ಜ್ ಇರುತ್ತದೆ. ಆದರೆ ಕೆಂಪು ಬೊಟ್ಟು ತುಂಬುತ್ತಿದ್ದದ್ದು ಸಂಜೆ ಐದರಿಂದ ನಡುರಾತ್ರಿ ತನಕ. ಬೆಳಗಿನಿಂದ ಮನೆಯಲ್ಲಿ ನೋವು ತಿಂದು, ಹೊಲದಿಂದ ಗಂಡಸರು ಬಂದು, ಗಾಡಿ ಹೊಂದಿಸಿ ಹೊರಡುವ ಹೊತ್ತು ಅದು. ಸುತ್ತಲಿನ ಆರೋಗ್ಯ ಕೇಂದ್ರಗಳಿಂದ ರೆಫರ್ ಆಗಿ ಬರುವುದೂ ಆಗಲೇ. ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ಸಿಜೇರಿಯನ್ ಜಾಸ್ತಿ, ಮನೆಯವರು ದಿನ ನೋಡಿಕೊಂಡು ಬಂದು ಕೇಳುತ್ತಿದ್ದರು. ಮಗು ಹುಟ್ಟುವ ಹೊತ್ತು ಯಾರ ಕೈಯಲ್ಲೂ ಇಲ್ಲ ಅನ್ನುತ್ತೇವೆ. ಮೂರು ತಿಂಗಳ ಪುಸ್ತಕ ನೋಡಿದರೆ ಬಸುರಿಯರು ಬರುವ ಹೊತ್ತು ಸುಮಾರಾಗಿ ಗೊತ್ತಾಗುತ್ತಿತ್ತು. ಅಷ್ಟು ವರ್ಷ ನಾನೇ ಚಾರ್ಟ್ ಹಾಕಿದ್ದೆ, ಗಮನಿಸಿರಲಿಲ್ಲ.

ನೋಟ್‌ಬುಕ್ ತೆಗೆದುಕೊಂಡು ಹೋಗಿ ನಮ್ಮ ಆಡಳಿತ ವೈದ್ಯಾಧಿಕಾರಿಗಳ ಮೇಜಿನ ಮೇಲಿಟ್ಟೆ. ಹಿಂದೆ ಎಷ್ಟೋ ಸಲ "ಸರ್, ಸ್ಟಾಫ್ ಸಾಲದು" ಅಂದಿದ್ದೆ. ಅವರು "ಎಲ್ಲಿ ಸಾಲುತ್ತೆ ಹೇಳಿ ಸಿಸ್ಟರ್" ಅನ್ನುತ್ತಿದ್ದರು, ಅದೂ ಸುಳ್ಳಲ್ಲ. ಆವತ್ತು ಪುಟ ತಿರುಗಿಸುತ್ತಾ ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಎಲ್ಲ ವಾರ್ಡಿನ ಚಾರ್ಟ್ ತರಿಸಿದರು. ಕಣ್ಣಿನ ವಾರ್ಡಿನಲ್ಲಿ ಆಪರೇಷನ್ ಇಲ್ಲದ ದಿನ ಇಬ್ಬರು ರೋಗಿಗಳಿಗೆ ರಾತ್ರಿಯಿಡೀ ಒಬ್ಬ ಸಿಸ್ಟರ್ ಇದ್ದಳು. ಅವಳನ್ನು ಅಂಥ ದಿನ ಸಂಜೆಯಿಂದ ನಮ್ಮ ವಾರ್ಡಿಗೆ ಕೊಟ್ಟರು. ಬೆಳಗಿನ ಪಾಳಿಯಿಂದ ಒಬ್ಬಳನ್ನು ನಾನು ಮಧ್ಯಾಹ್ನಕ್ಕೆ ತಳ್ಳಿದೆ. ಒಂದು ಹೊಸ ಹುದ್ದೆ ಇಲ್ಲ, ಒಂದು ರೂಪಾಯಿ ಖರ್ಚಿಲ್ಲ.

ಕಣ್ಣಿನ ವಾರ್ಡಿನಿಂದ ಬಂದವಳು ಹನ್ನೆರಡು ವರ್ಷದಿಂದ ಹೆರಿಗೆ ನೋಡಿರಲಿಲ್ಲ. ಮೊದಲ ರಾತ್ರಿ ಹೆದರಿದ್ದಳು. ಅವಳಿಗೆ ಲೇಬರ್ ಟೇಬಲ್ ಕೊಡಲಿಲ್ಲ. ಹೆತ್ತವರ ಪಕ್ಕ ಕೂರಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಹೊಟ್ಟೆ ಮುಟ್ಟು, ಬಟ್ಟೆ ಎತ್ತಿ ನೋಡು, ಮೆತ್ತಗಿದ್ದರೆ ಕೂಗು, ಮಧ್ಯೆ ಮಗುವಿಗೆ ಹಾಲು ಹಿಡಿಸು. ಇಷ್ಟೇ. ಆ ಒಂದು ಕುರ್ಚಿ, ಆ ಕುರ್ಚಿಯಲ್ಲಿ ಕೂತ ಒಬ್ಬಳು. ಅವಳಿದ್ದ ರಾತ್ರಿಗಳಲ್ಲಿ ಬಾಗಿಲಿಂದ ಯಾವ ತಾಯಿಯೂ ಕೂಗಿ ಕರೆಯಬೇಕಾಗಲಿಲ್ಲ.

ಇತ್ತೀಚೆಗೆ ಒಂದು ದೊಡ್ಡ ಅಧ್ಯಯನದ ಬಗ್ಗೆ ಓದಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಮಾಡಿದ್ದು, 2023ರಲ್ಲಿ ಬಂತು. ಹೆತ್ತ ತಕ್ಷಣ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಅಳೆಯುವುದು, ಜಾಸ್ತಿ ಆದರೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡುವುದು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ದೊಡ್ಡ ಅನಾಹುತಗಳು ಶೇಕಡಾ 60ರಷ್ಟು ಕಡಿಮೆ ಆದವಂತೆ. ಓದಿ ಬಹಳ ಖುಷಿಯಾಯಿತು. ಆ ಹಾಳೆ ನಮ್ಮಲ್ಲೂ ಎಲ್ಲ ಕಡೆ ಬರಲಿ. ಹಾಳೆಯ ಗೆರೆ ನೋಡಲು ಆ ಕುರ್ಚಿಯಲ್ಲಿ ಒಬ್ಬಳು ಕೂತಿರಲಿ.

ಹೆರಿಗೆ ವಾರ್ಡಿನ ಸಿಸ್ಟರುಗಳು ಬೈಯುತ್ತಾರೆ ಅಂತ ಊರೆಲ್ಲ ಹೇಳುತ್ತಾರೆ. ನಿಜ. ನಾನೂ ಬೈದಿದ್ದೇನೆ. ನೋವಿನಲ್ಲಿ ಕೈ ಹಿಡಿದುಕೊಂಡವಳ ಕೈ ಕೊಡವಿ ಪಕ್ಕದ ಟೇಬಲ್ಲಿಗೆ ಓಡಿದ್ದೇನೆ. ಅದಕ್ಕೆ ಕ್ಷಮೆ ಕೇಳುತ್ತೇನೆ, ಕೈ ಕಡಿಮೆ ಇದ್ದದ್ದನ್ನು ನೆಪ ಮಾಡುವುದಿಲ್ಲ. ಆದರೆ ಒಬ್ಬಳ ಪಕ್ಕ ಒಬ್ಬಳೇ ಇದ್ದ ರಾತ್ರಿಗಳಲ್ಲಿ ನಾನು ಬೈದ ನೆನಪಿಲ್ಲ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ವಾರ್ಡಿನಲ್ಲಿ ಸಿಹಿ ಹಂಚಿದ್ದೆವು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಮನೆ ಹೆರಿಗೆಗೆ ವಾಪಸ್ ಹೋಗಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ, ರಕ್ತ ಕೊಡುವವರಿಲ್ಲದೆ ಹೋದ ಜೀವಗಳನ್ನು ಕಂಡಿದ್ದೇನೆ. ಆದರೆ ಸೂಲಗಿತ್ತಿ ಒಂದು ಮನೆಗೆ ಹೋದರೆ ಮಗು ಕೈಗೆ ಬಂದು, ಕಸ ಬಿದ್ದು, ಬಾಣಂತಿಗೆ ನೀರು ಹಾಕುವ ತನಕ ಎದ್ದು ಬರುತ್ತಿರಲಿಲ್ಲ. 2019-20ರ ಹೊತ್ತಿಗೇ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಹೆಂಗಸರನ್ನು ಆಸ್ಪತ್ರೆಗೆ ಬನ್ನಿ ಬನ್ನಿ ಅಂತ ಕರೆದೆವು. ಅವರು ಬಂದರು. ಪಕ್ಕದಲ್ಲಿ ಕೂರುವವಳನ್ನು ಮಾತ್ರ ಕರೆತರಲಿಲ್ಲ.

2016ರಿಂದ ಸರ್ಕಾರಿ ಲೇಬರ್ ರೂಮಿನಲ್ಲಿ ತಾಯಿಯೋ ಅಕ್ಕನೋ ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ ಹೇಳಿದೆ. ಒಳ್ಳೆಯದಾಯಿತು. ಬೆನ್ನು ಸವರಲು, ಕೈ ಹಿಡಿಯಲು ಅವರಿಗಿಂತ ಬೇರೆ ಯಾರು ಬೇಕು. 2011ರಲ್ಲಿ ಆ ತಾಯಿಯನ್ನು ನಾವು ಒಳಗೆ ಬಿಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ಕೈ ಹಾಕಿ ಮಗಳ ಕಾಲು ಮುಟ್ಟಿ ನೋಡಿದ್ದರು. ಮಂಚ ಗೋಡೆ ಕಡೆಗಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ.

ನಮ್ಮ ಬೊಟ್ಟಿನ ಪುಸ್ತಕ 2020ರಲ್ಲಿ ನಿಂತಿತು. ಕೊರೊನಾ ವಾರ್ಡಿಗೆ ಎಲ್ಲರನ್ನೂ ಎಳೆದರು, ಕಣ್ಣಿನ ವಾರ್ಡಿನವಳು ಮೊದಲು ಹೋದಳು. ಆಮೇಲೆ ವೈದ್ಯಾಧಿಕಾರಿಗಳಿಗೆ ವರ್ಗ ಆಯಿತು. ನನಗೂ ನಿವೃತ್ತಿ ಹತ್ತಿರ ಬಂತು. ಪುಸ್ತಕ ಬೀರುವಿನ ಮೇಲಿತ್ತು, ಧೂಳು ಹೊಡೆದು ನನ್ನ ಜಾಗಕ್ಕೆ ಬಂದವಳ ಕೈಗೆ ಕೊಟ್ಟು ಬಂದೆ.

ಹೋದ ತಿಂಗಳು ಅವಳ ಫೋನ್ ಬಂತು. "ಸಿಸ್ಟರ್, ಹಸಿರು ಬೊಟ್ಟು ಎಲ್ಲೂ ಸಿಗ್ತಿಲ್ಲ. ನೀಲಿ ಹಾಕಿದ್ರೆ ನಡೆಯುತ್ತಾ?"